ಉಬ್ಬಿ ಇಳಿಯದ ಕಬ್ಬಿಣ

ಜನವರಿ ೯

ಜೀರುಂಡೆಗೆ,

ನಿನ್ನ ಕಾಗದ ಬಂತು. ಅಕ್ಷರ ನೋಡಿದರೆ ಕೋಳಿ ತಿಪ್ಪೆ ಕೆದಕಿದ ಹಾಗಿದೆ. ನಾಲ್ಕನೇ ಕ್ಲಾಸಿಗೇ ಸ್ಲೇಟು ಬಿಸಾಕಿ ಬಂದವಳು ನಾನು, ನನ್ನ ಅಕ್ಷರವೇ ನಿನ್ನದಕ್ಕಿಂತ ನೆಟ್ಟಗಿದೆ. ಎಡಗೈಯಲ್ಲಿ ಬರೆದಿದ್ದೀಯ ಅಂತ ನೀನು ಹೇಳದಿದ್ದರೂ ಕಾಗದ ಹೇಳತ್ತೆ. ಬಲಗೈಗೆ ಏನಾಯ್ತು?

ಫೋನ್ ಮಾಡು ಅಂತ ಹೇಳಬೇಡ. ಫೋನಿನಲ್ಲಿ ನಿನಗೆ "ಚೆನ್ನಾಗಿದ್ದೀನಿ ಅಜ್ಜಿ" ಬಿಟ್ಟು ಬೇರೆ ಮಾತು ಬರಲ್ಲ. ಪಕ್ಕದಲ್ಲಿ ನಿಂತು ಉಸಿರಾಡ್ತಿರೋನ ಸದ್ದು ನನಗೂ ಕೇಳತ್ತೆ. ಕಿವಿ ಇನ್ನೂ ಹೋಗಿಲ್ಲ, ಹಲ್ಲು ಮಾತ್ರ ಹೋಗಿದೆ. ಅದಕ್ಕೇ ಈ ಕಾಗದ, ಅದೂ ನಿನ್ನ ಕೆಲಸದ ಜಾಗಕ್ಕೆ, ಆ ಸಿಲಿಂಡರಿಗೆ ಬಣ್ಣ ಬಳಿಯೋ ಅಕ್ಕನ ಹೆಸರಿಗೆ. ಅವಳಿಗೆ ಓದೋಕೆ ಬರಲ್ಲ ಅಂದಿದ್ದೀಯಲ್ಲ, ಒಳ್ಳೇದಾಯ್ತು. ಓದು ಬಂದ ಹೆಂಗಸರು ಪರರ ಕಾಗದ ಮೊದಲು ಒಡೆಯೋದು.

ಇನ್ನೊಂದು. ಗಾಳಿ ತುಂಬೋ ಸಿಲಿಂಡರನ್ನ ನೀನು ನೀರು ತುಂಬಿ ಪರೀಕ್ಷೆ ಮಾಡ್ತೀಯಂತೆ. ಗಾಳಿ ಹೋಗೋ ಪಾತ್ರೆಗೆ ಗಾಳಿಯನ್ನೇ ತುಂಬಿ ನೋಡೋದು ಬಿಟ್ಟು ನೀರು ಯಾಕೆ? ಸಂಬಳ ಕೊಡೋನಿಗೆ ಬುದ್ಧಿ ಇಲ್ಲವೋ, ನಿನಗೋ?

ಅಜ್ಜಿ

ಜನವರಿ ೨೪

ಅಜ್ಜಿ,

ಕೈಗೆ ಏನೂ ಆಗಿಲ್ಲ. ಮನೆ ಬಾಗಿಲಿಗೆ ಸಿಕ್ಕಿಹಾಕ್ಕೊಂಡಿತು. ಎರಡು ಬೆರಳಿಗೆ ಪಟ್ಟಿ ಕಟ್ಟಿದ್ದಾರೆ, ಅಷ್ಟೇ.

ನೀರು ಯಾಕೆ ಅಂತ ಕೇಳಿದೆಯಲ್ಲ. ನೀರನ್ನ ಎಷ್ಟು ಅಮುಕಿದರೂ ಅದು ಕುಗ್ಗಲ್ಲ. ಸಿಲಿಂಡರ್ ಬಿರುಕು ಬಿಟ್ಟರೆ ನೀರು ಚಿಮ್ಮತ್ತೆ, ನೆಲ ಒದ್ದೆ ಆಗತ್ತೆ, ಅಲ್ಲಿಗೆ ಮುಗೀತು. ಗಾಳಿ ಹಾಗಲ್ಲ. ಒಂದು ಕೋಣೆ ತುಂಬೋ ಗಾಳಿಯನ್ನ ಒಂದು ಬಿಂದಿಗೆಯೊಳಗೆ ತುರುಕಬಹುದು, ಅದು ತುರುಕಿಸಿಕೊಳ್ಳತ್ತೆ. ಆದರೆ ಪಾತ್ರೆ ಒಡೆದರೆ, ಕುಗ್ಗಿ ಕೂತಿದ್ದ ಅಷ್ಟೂ ಗಾಳಿ ಒಂದೇ ಸಲ ಹಿಗ್ಗತ್ತೆ. ಆಗ ಕಬ್ಬಿಣದ ಚೂರುಗಳಿಗೆ ಗೋಡೆ, ಮನುಷ್ಯ ಎಲ್ಲ ಒಂದೇ.

ನನ್ನ ಕೆಲಸ ಹೀಗೆ. ಸಿಲಿಂಡರಿಗೆ ಮೊದಲು ಸುತ್ತಿಗೆಯಿಂದ ಒಂದು ಏಟು. ಗಟ್ಟಿ ಕಬ್ಬಿಣ ಗಂಟೆ ಹಾಗೆ ಹಾಡತ್ತೆ, ಕೆಟ್ಟದ್ದು ಮಡಕೆ ಹಾಗೆ ದಬ್ ಅನ್ನತ್ತೆ. ಆಮೇಲೆ ನೀರು ತುಂಬಿ ಒತ್ತಡ ಏರಿಸ್ತೀನಿ. ಎಂಥ ಕಬ್ಬಿಣವೂ ಕೂದಲೆಳೆಯಷ್ಟು ಉಬ್ಬತ್ತೆ. ಉಬ್ಬೋದು ತಪ್ಪಲ್ಲ. ಒತ್ತಡ ಇಳಿಸಿದಾಗ ಮೊದಲಿನ ಅಳತೆಗೆ ವಾಪಸ್ ಬರಬೇಕು. ಬರದಿದ್ದರೆ ಅದರ ಕತ್ತು ಕೊಯ್ದು ಗುಜರಿಗೆ. ಬಂದರೆ ಹೆಗಲ ಮೇಲೆ ನನ್ನ ಪಾಸ್ ಮುದ್ರೆ.

ನಮ್ಮನೆಯವರು ಈಗ ಇಲ್ಲೇ ಗಾಳಿ ತುಂಬೋ ವಿಭಾಗಕ್ಕೆ ಮೇಸ್ತ್ರಿ ಆಗಿದ್ದಾರೆ. ಗಾಳಿ ಅಮುಕಿ ತುಂಬುವಾಗ ಸಿಲಿಂಡರ್ ಬಿಸಿ ಆಗತ್ತಲ್ಲ, ಅಂಗೈ ಇಟ್ಟು ನೋಡಿಯೇ ಎಷ್ಟು ತುಂಬಿದೆ ಅಂತ ಹೇಳ್ತಾರೆ. ಒತ್ತಡದ ಮೀಟರಿನ ಮುಳ್ಳು ನೋಡೋದು ಹೆಂಗಸರ ಕೆಲಸ ಅಂತಾರೆ.

ನಿನ್ನ ಜೀರುಂಡೆ

ಫೆಬ್ರವರಿ ೬

ಜೀರುಂಡೆಗೆ,

ನೀರಿನ ಮಾತು ಅರ್ಥವಾಯ್ತು. ಒಡೆದರೆ ಸುರಿದುಹೋಗೋದು ನೀರು, ಒಡೆಯೋ ತನಕ ಬಗ್ಗಿ ಬಗ್ಗಿ ಸೇಡು ಕಟ್ಟಿಕೊಳ್ಳೋದು ಗಾಳಿ. ನಮ್ಮ ಮನೆತನದ ಹೆಂಗಸರಲ್ಲಿ ಎರಡು ಜಾತಿಯೂ ಇದೆ. ನೀನು ಚಿಕ್ಕವಳಿದ್ದಾಗ ನೀರು. ಬಿದ್ದರೆ ಬೀದಿಗೆಲ್ಲ ಕೇಳೋ ಹಾಗೆ ಅತ್ತು ಐದು ನಿಮಿಷಕ್ಕೆ ನಗ್ತಿದ್ದೆ. ಅದಕ್ಕೇ ಜೀರುಂಡೆ ಅಂದಿದ್ದು. ಈಗ ನಿನ್ನ ಕಾಗದದಲ್ಲಿ ಒಂದು ಕಿರ್ ಅನ್ನೋ ಸದ್ದೂ ಇಲ್ಲ.

ಆ ಬಾಗಿಲ ಬಗ್ಗೆ ಕೇಳ್ತೀನಿ. ಹೋದ ವರ್ಷ ನಿನ್ನ ಹುಬ್ಬು ಹರಿದದ್ದು ಅದೇ ಬಾಗಿಲು. ಅದರ ಹಿಂದೆ ಕಿವಿ ಊದಿದ್ದೂ ಅದೇ ಬಾಗಿಲು. ಆ ಬಾಗಿಲಿಗೆ ಎಷ್ಟು ಬೆರಳಿದೆ? ಕುಡಿದು ಮನೆಗೆ ಬರತ್ತಾ, ಕುಡಿಯದೆಯೂ ಬಡಿಯತ್ತಾ?

ನಿನ್ನ ಅಂಗೈ ಪಂಡಿತ ಯಾವ ಅಂಗೈಯಲ್ಲಿ ಸಿಲಿಂಡರ್ ಮುಟ್ಟಿ ನೋಡ್ತಾನೋ ಆ ಕೈಗೆ ಹುಳ ಬೀಳಲಿ. ನಾನು ಬಾಯಿ ಬಿಟ್ಟು ಶಾಪ ಹಾಕೋಳು, ಹಾಕಿಯಾಯ್ತು. ಈಗ ನೀನು ಬಟ್ಟೆ ಗಂಟು ಕಟ್ಟಿ ಇಲ್ಲಿಗೆ ಬಾ. ನನ್ನ ಮಂಚ ಇಬ್ಬರಿಗೆ ಸಾಕು. ಗೊರಕೆ ಹೊಡೀತೀನಿ, ಅದೊಂದು ಸಹಿಸಬೇಕು.

ಅಜ್ಜಿ

ಫೆಬ್ರವರಿ ೨೭

ಅಜ್ಜಿ,

ಗಂಟು ಕಟ್ಟಿ ಬಂದರೆ ಹುಡುಕಿಕೊಂಡು ಬರ್ತಾರೆ. ನಿನ್ನ ಮಂಚದ ಕಾಲು ಮುರೀತಾರೆ, ಆಮೇಲೆ ನಿನ್ನ ಕಾಲು. ಹಾಗಂತ ಹೇಳಿಯೂ ಇದ್ದಾರೆ. ಆ ಮಾತು ಬಿಡು.

ಕೆಲಸದ ಮಾತು ಹೇಳ್ತೀನಿ. ನಮ್ಮ ಅಂಗಳದಲ್ಲಿ ಒಂದು ಸ್ವಂತ ಸಿಲಿಂಡರ್ ಇದೆ, ಹೊರಗೆ ಕಳಿಸೋದಲ್ಲ. ತೊಳೆದ ಸಿಲಿಂಡರುಗಳ ಒಳಗೆ ಊದಿ ಒಣಗಿಸೋಕೆ ಅಂತ ಬರೀ ಗಾಳಿ ತುಂಬಿ ಇಟ್ಟಿರೋದು. ಅವರು ದಿನಾ ಬೆಳಿಗ್ಗೆ ಚಳಿಯಲ್ಲಿ ಅದನ್ನ ತಾವೇ ತುಂಬ್ತಾರೆ. ತುಂಬಿ ಬಿಸಿಯಾದದ್ದು ಆರಿದಾಗ ಮುಳ್ಳು ಇಳಿಯತ್ತಲ್ಲ, ಆಗ ಮತ್ತೆ ತುಂಬಿ ಕೆಂಪು ಗೆರೆ ಮುಟ್ಟಿಸ್ತಾರೆ. ನಾನು ಒಂದು ಸಲ ಹೇಳಿದೆ, ಚಳಿಯಲ್ಲಿ ಗೆರೆ ಮುಟ್ಟಿದ್ದು ಬಿಸಿಲಿಗೆ ಗೆರೆ ದಾಟತ್ತೆ, ಗಾಳಿಗೆ ಹಿಗ್ಗೋಕೆ ಜಾಗ ಇಲ್ಲದಿದ್ದರೆ ಬಿಸಿಯೆಲ್ಲ ಒತ್ತಡಕ್ಕೇ ಹೋಗತ್ತೆ ಅಂತ. "ಬರೀ ಗಾಳಿ ಕಣೇ, ಅದಕ್ಕೇನು ಕೊಂಬಿದೆಯಾ?" ಅಂದರು. ಎಲ್ಲರೂ ನಕ್ಕರು. ಮನೆಗೆ ಹೋದ ಮೇಲೆ ನಾಲ್ಕು ಜನರ ಮುಂದೆ ಪಾಠ ಹೇಳಿದ್ದಕ್ಕೆ ಬೇರೆ ಪಾಠ ಆಯ್ತು.

ಮಧ್ಯಾಹ್ನ ಅದನ್ನ ತಗಡಿನ ಗೋಡೆಗೆ ಒರಗಿಸಿ ಅದರ ಪಕ್ಕದಲ್ಲೇ ಕುರ್ಚಿ ಹಾಕಿ ಮಲಗ್ತಾರೆ. ಅಂಗಳದಲ್ಲಿ ಇರೋದು ಅದೊಂದೇ ನೆರಳು. ನೆರಳು ಕುರ್ಚಿಗೆ, ಬಿಸಿಲು ಸಿಲಿಂಡರಿಗೆ.

ಅಜ್ಜಿ, ತಾತನ ಬಾಯ್ಲರ್ ಒಡೆದದ್ದು ಹೇಗೆ? ಒಡೆಯೋಕೆ ಮುಂಚೆ ಏನಾದರೂ ಸದ್ದು ಬಂದಿತ್ತಾ? ಎಷ್ಟು ದೂರ ಇದ್ದವರು ಉಳಿದರು?

ನಿನ್ನ ಜೀರುಂಡೆ

ಮಾರ್ಚ್ ೧೦

ಜೀರುಂಡೆಗೆ,

ತಾತನ ಕತೆ ನಿನಗೆ ಗೊತ್ತಿರೋದೇ. ಆಸ್ಪತ್ರೆ ಬಟ್ಟೆ ಒಗೆಯೋ ಕಾರ್ಖಾನೆ, ಅವರು ಬಾಯ್ಲರ್ ನೋಡ್ಕೊಳ್ಳೋರು, ನಾನು ಹಾಸಿಗೆ ಬಟ್ಟೆ ಇಸ್ತ್ರಿ ಮಾಡೋಳು. ಬಾಯ್ಲರ್ ಹಳೇದು, ಒಡೀತು. ನನ್ನನ್ನೂ ಕೂಸಾಗಿದ್ದ ನಿಮ್ಮಮ್ಮನನ್ನೂ ಹೊರಗೆ ಕಳಿಸಿ ಅವರು ಒಳಗೆ ಉಳಿದರು. ಗೋಡೆ ಮೇಲೆ ಫೋಟೋ ಇದೆ, ಗಾಜು ಒರೆಸ್ತಾ ಇದ್ದೀನಿ. ಇನ್ನೇನು ಬೇಕು?

ಸತ್ತವರನ್ನ ಕೆದಕಬೇಡ. ಇವತ್ತು ಪಕ್ಕದ ಮನೆಯವಳು ನನ್ನ ಕೋಳಿ ಕದ್ದಳು. ಕೇಳಿದರೆ ಹೆಗಲು ಮುಟ್ಟಿ ನೋಡ್ಕೊಂಡಳು. ಅವಳಿಗೆ ಉಗಿಯೋಕೆ ಹೋಗಬೇಕು, ಹೊತ್ತಿಲ್ಲ.

ಎಷ್ಟು ದೂರ ಅಂತ ಯಾಕೆ ಕೇಳಿದೆ?

ಅಜ್ಜಿ

ಏಪ್ರಿಲ್ ೨

ಅಜ್ಜಿ,

ಸುಮ್ಮನೆ ಕೇಳಿದೆ.

ಇಲ್ಲಿ ಬಿಸಿಲು ಏರ್ತಿದೆ. ಬೆಳಿಗ್ಗೆ ನೂರೈವತ್ತರಲ್ಲಿ ನಿಂತ ಮುಳ್ಳು ನಿನ್ನೆ ಮಧ್ಯಾಹ್ನ ನೂರೆಪ್ಪತ್ತರ ಹತ್ತಿರ ಇತ್ತು. ಮೈ ಮುಟ್ಟಿದರೆ ಅಂಗೈ ಚುರ್ ಅನ್ನತ್ತೆ. ಮುಂದಿನ ವಾರ ಇನ್ನೂ ಸುಡತ್ತಂತೆ. ಬಣ್ಣದಕ್ಕ ನನಗೆ ಬೆನ್ನಿಗೆ ಮುಲಾಮು ಹಚ್ಚಿದಳು. ಬೆಲ್ಟಿನ ಬಕಲ್ ಇಳಿದ ಜಾಗ ಹಸಿಯಾಗಿದೆ. "ನಿನ್ನ ಬೆನ್ನಿಗೆ ನಾನು ಎರಡು ಕೋಟು ಬಣ್ಣ ಹೊಡೆದರೂ ಮುಚ್ಚಲ್ಲ ಕಣೇ" ಅಂದಳು. ಇಬ್ಬರೂ ನಕ್ಕೆವು. ನಗುವಾಗ ಪಕ್ಕೆ ನೋಯತ್ತೆ.

ಅಂಗಳದ ಸಿಲಿಂಡರ್ ಪರೀಕ್ಷೆಗೆ ಬಂದದ್ದು ಜನವರಿಯಲ್ಲಿ. ಬೆರಳು ಮುರಿದ ಮಾರನೇ ದಿನ. ಎಡಗೈಯಲ್ಲೇ ಪರೀಕ್ಷೆ ಮಾಡಿದೆ, ಎಡಗೈಯಲ್ಲೇ ಪಾಸ್ ಮುದ್ರೆ ಹೊಡೆದೆ.

ಈಗ ನಾನು ಏನೂ ಮಾಡ್ತಿಲ್ಲ ಅಜ್ಜಿ. ಸುಮ್ಮನೆ ಇದ್ದೀನಿ. ನೀನು ಯೋಚನೆ ಮಾಡಬೇಡ. ಮಳೆಗಾಲದ ಹೊತ್ತಿಗೆ ಎಲ್ಲ ಸರಿಹೋಗತ್ತೆ.

ನಿನ್ನ ಜೀರುಂಡೆ

ಏಪ್ರಿಲ್ ೮, ಜರೂರು ಅಂಚೆ

ಲೇ,

ಸುಮ್ಮನೆ ಇದ್ದೀನಿ ಅಂತ ನನಗೆ ಹೇಳ್ತೀಯಾ? ಸುಮ್ಮನಿರೋದು ಅಂದರೆ ಏನು ಅಂತ ಈ ಭೂಮಿ ಮೇಲೆ ನನಗೆ ಗೊತ್ತಿರೋ ಅಷ್ಟು ಯಾರಿಗೂ ಗೊತ್ತಿಲ್ಲ. ಆ ಸಿಲಿಂಡರ್ ಉಬ್ಬಿ ವಾಪಸ್ ಇಳಿಯಲಿಲ್ಲ, ಅಲ್ಲವಾ? ಕತ್ತು ಕೊಯ್ಯಬೇಕಾದ್ದಕ್ಕೆ ಮುದ್ರೆ ಹೊಡೆದೆ. ಈಗ ಬಿಸಿಲು ಎಣಿಸ್ತಾ ಕೂತಿದ್ದೀಯ.

ಹೋದ ಕಾಗದದಲ್ಲಿ ನಾನು ಬರೆದದ್ದು ಸುಳ್ಳು. ಈಗ ನಿಜ ಓದು.

ನಿಮ್ಮ ತಾತ ನಮ್ಮನ್ನ ಹೊರಗೆ ಕಳಿಸಲಿಲ್ಲ. ಬಾಯ್ಲರಿಗೆ ಒಂದು ಸೇಫ್ಟಿ ವಾಲ್ವ್ ಇತ್ತು, ಹಬೆ ಜಾಸ್ತಿಯಾದರೆ ಸನ್ನೆಕೋಲು ತಾನೇ ಎದ್ದು ಹೊರಗೆ ಬಿಡತ್ತೆ. ಬಿಟ್ಟರೆ ಬಟ್ಟೆ ಬೇಗ ಒಣಗಲ್ಲ, ಮಾಲೀಕ ಬಯ್ತಾನೆ. ಅದಕ್ಕೆ ನಿಮ್ಮ ತಾತ ಆ ಸನ್ನೆಗೆ ಒಂದು ಮುರುಕು ಇಸ್ತ್ರಿಪೆಟ್ಟಿಗೆ ನೇತುಹಾಕ್ತಿದ್ದ. ಅಲ್ಲಿನ ಎಲ್ಲ ಬಾಯ್ಲರಿನವರೂ ಹಾಗೇ ಮಾಡೋರು. ಆವತ್ತು ಬೆಳಿಗ್ಗೆ ಊಟಕ್ಕೆ ಉಪ್ಪು ಸಾಲದು ಅಂತ ಇದ್ದಲಿನ ಸಲಿಕೆ ಹಿಡಿಯಿಂದ ನನ್ನ ತೋಳು ಮುರಿದ. ಮೂಳೆ ಮುರಿದ ಸದ್ದು ನಾನೇ ಕೇಳಿದೆ, ಒಣ ಕಡ್ಡಿ ಹಾಗೆ. ಆಮೇಲೆ ಕುಡಿದು ಬಂದು ಒಂದಲ್ಲ, ಎರಡು ಪೆಟ್ಟಿಗೆ ನೇತುಹಾಕಿ ಬಾಯ್ಲರಿಗೆ ಬೆನ್ನು ಕೊಟ್ಟು ಮಲಗಿದ.

ನಾನು ಬಟ್ಟೆ ಎತ್ತೋಕೆ ಒಳಗೆ ಹೋದೆ. ಮುಳ್ಳು ತುದಿಗೆ ಹೋಗಿ ನಡುಗ್ತಿತ್ತು. ಮೊಳೆಗಳ ಸುತ್ತ ಕಬ್ಬಿಣ ಬೆವರ್ತಿತ್ತು. ಒಂದು ಪೆಟ್ಟಿಗೆ ತೆಗೆಯೋಕೆ ಒಂದು ಕೈ ಸಾಕು, ಒಂದು ಕೈ ನನಗೆ ಇತ್ತು. ಆ ಕೈಯಲ್ಲಿ ನಿಮ್ಮಮ್ಮನನ್ನ ಎತ್ತಿಕೊಂಡು ಹೊರಗೆ ಬಂದು ಬಾಗಿಲು ಮುಚ್ಚಿದೆ. ಚಿಲಕವನ್ನೂ ಹಾಕಿದೆ. ಅದನ್ನೂ ಬರೀತೀನಿ.

ನಲ್ಲಿಯ ಹತ್ತಿರ ಇದ್ದಲು ಹೊರೋಳು ಎದುರಿಗೆ ಬಂದಳು. ನನಗಿಂತ ಎರಡು ವರ್ಷ ದೊಡ್ಡವಳು, ನನ್ನ ಜೊತೆ ಬುತ್ತಿ ಹಂಚಿಕೊಳ್ಳೋಳು. "ಕೈಗೇನಾಯ್ತೇ?" ಅಂದಳು. "ಜಾರಿ ಬಿದ್ದೆ" ಅಂದೆ. "ನಿಮ್ಮ ಮನೆ ನೆಲಕ್ಕೆ ಮೀಸೆ ಇದೆ ಬಿಡು" ಅಂತ ನಕ್ಕು, ಬುಟ್ಟಿ ಹೊತ್ತು ಬಾಯ್ಲರ್ ಕೋಣೆಯ ಹಿಂದಿನ ಬಾಗಿಲ ಕಡೆ ಹೋದಳು. ಹೋಗೋದನ್ನ ನೋಡಿದೆ. ಮೂವತ್ತು ಹೆಜ್ಜೆ. ಕೂಗೋಕೆ ಬಾಯಿ ತೆರೆದೆ. ಕೂಗಿದರೆ ಅವನೂ ಎದ್ದುಬಿಡ್ತಾನಲ್ಲ ಅಂತ ನಾಲಿಗೆ ಕಚ್ಚಿಕೊಂಡೆ.

ನಿಮ್ಮ ತಾತನ ಒಂದು ಬೂಟು ನೀರಿನ ತೊಟ್ಟಿಯಲ್ಲಿ ಸಿಕ್ಕಿತು, ಕಾಲು ಸಮೇತ. ಚಾವಣಿ ಬೀದಿಯಾಚೆ ಬಿದ್ದಿತ್ತು. ಅವಳು ಸಾಯಂಕಾಲದವರೆಗೆ ಬದುಕಿದ್ದಳು. ಹಬೆಗೆ ಮೈ ಬೆಂದು, ಬಟ್ಟೆ ತೆಗೆಯೋಕೆ ಹೋದರೆ ಚರ್ಮವೂ ಜೊತೆಗೆ ಬರ್ತಿತ್ತು. ನಾನು ಪಕ್ಕದಲ್ಲಿ ಕೂತೆ. ಕಣ್ಣು ಬಿಟ್ಟು "ನಿನ್ನ ಕೈ ಹೇಗಿದೆ?" ಅಂತ ಕೇಳಿದಳು. ಅದೇ ಅವಳ ಕೊನೇ ಮಾತು.

ಆವತ್ತು ಮುಚ್ಚಿದ ಬಾಯಿ ಮಾರನೇ ದಿನದಿಂದ ತೆರೆದದ್ದು ಇನ್ನೂ ಮುಚ್ಚಿಲ್ಲ. ಊರೆಲ್ಲ ನನ್ನ ಗಂಟಲಿಗೆ ಹೆದರತ್ತೆ. ಬೇಕಾದಾಗ ಬರದ ಗಂಟಲು.

ನಿನ್ನ ಗಂಡ ಸತ್ತರೆ ನಾನು ಅಳಲ್ಲ. ಅವನಿಗೆ ಕೈಕಾಲು ಬಿದ್ದುಹೋಗಲಿ ಅಂತ ದಿನಾ ಕೇಳ್ಕೊಳ್ತೀನಿ. ಆದರೆ ಗಾಳಿಗೆ ಗಂಡ ಯಾರು, ನೆರೆಯವಳು ಯಾರು ಗೊತ್ತಾಗಲ್ಲ. ಎಲ್ಲ ಗೋಡೆಯನ್ನೂ ಒಂದೇ ಸಮ ಒತ್ತತ್ತೆ, ಎಲ್ಲ ದಿಕ್ಕಿಗೂ ಒಂದೇ ಸಮ ಹಾರತ್ತೆ.

ಒಂದೇ ಒಂದು ಕೇಳ್ತೀನಿ. ಅಂಗಳದಲ್ಲಿ ಇರೋದು ಅದೊಂದೇ ನೆರಳು ಅಂದೆಯಲ್ಲ, ಬಣ್ಣದಕ್ಕ ಮಧ್ಯಾಹ್ನ ಎಲ್ಲಿ ಕೂತು ಊಟ ಮಾಡ್ತಾಳೆ?

ಅಜ್ಜಿ

ಏಪ್ರಿಲ್ ೧೯

ಅಜ್ಜಿ,

ಮತ್ತೆ ಎಡಗೈ. ಈ ಸಲ ಬಲಗಡೆ ಹೆಗಲ ಮೂಳೆ, ಮೊಣಕೈ, ಮುಂದಿನ ಎರಡು ಹಲ್ಲು. ಬಾಗಿಲಲ್ಲ, ಅವನೇ. ಸ್ಪ್ಯಾನರಿನಲ್ಲಿ.

ನಿನ್ನ ಕಾಗದ ಹನ್ನೊಂದನೇ ತಾರೀಖು ಮಧ್ಯಾಹ್ನ ಬಂತು. "ನಿಮ್ಮಜ್ಜಿ ಜರೂರು ಅಂಚೆಯಲ್ಲಿ ಉಗಿದಿದ್ದಾಳೆ ನೋಡು" ಅಂತ ಬಣ್ಣದಕ್ಕ ನನ್ನ ಕೈಗೆ ಕೊಟ್ಟು, ಬುತ್ತಿ ತಗೊಂಡು ಹೋದಳು. ನಾನು ನೀರಿನ ಪಂಪಿನ ಪಕ್ಕ ನಿಂತು ಓದಿದೆ. ಕೊನೇ ಸಾಲು ಓದಿ ತಲೆ ಎತ್ತಿದರೆ ಕಿಟಕಿಯಾಚೆ ಅವಳು ಅದೇ ನೆರಳಿನಲ್ಲಿ ಕಾಲು ಚಾಚಿ ಕೂತಿದ್ದಳು. ಇಷ್ಟು ದಿನವೂ ಅಲ್ಲೇ ಕೂರ್ತಿದ್ದಳು ಅಜ್ಜಿ. ನನಗೆ ಗೊತ್ತಿತ್ತು. ಗೊತ್ತಿದ್ದೂ ಆ ಕಡೆ ನೋಡ್ತಿರಲಿಲ್ಲ.

ಓಡಿದೆ. "ಅಕ್ಕ, ಏಳು" ಅಂದೆ.

"ಈಗ ತಾನೇ ಕೂತೆ ಕಣೇ, ನನ್ನ ಮಂಡಿಗೆ ಸ್ವಲ್ಪ ಮರ್ಯಾದೆ ಕೊಡು" ಅಂದಳು. ರಟ್ಟೆ ಹಿಡಿದು ಎಳೆದು ಶೆಡ್ಡಿನ ಹಿಂದಕ್ಕೆ ತಳ್ಳಿದೆ. ಮುಳ್ಳು ಎಷ್ಟರಲ್ಲಿತ್ತು ಅಂತ ಬರೆಯಲ್ಲ, ನಿನಗೆ ನಿದ್ದೆ ಬರಲ್ಲ. ನಾನೂ ಓಡಿಹೋಗಬಹುದಿತ್ತು. ಕುರ್ಚಿಯಲ್ಲಿ ಅವನು ಬಾಯಿ ತೆರೆದು ಮಲಗಿದ್ದ. ಒಂದು ಉಸಿರು ಎಳೆಯೋ ಹೊತ್ತು ಅಲ್ಲೇ ನಿಂತೆ. ಅದನ್ನೂ ಬರೀತೀನಿ, ನೀನು ಚಿಲಕ ಬರೆದ ಹಾಗೆ.

ಆಮೇಲೆ ವಾಲ್ವ್ ತಿರುಗಿಸಿದೆ. ಗಾಳಿ ಕಿರುಚಿಕೊಂಡು ಹೊರಗೆ ಬಂತು, ಅಂಗಳದ ಧೂಳೆಲ್ಲ ಎದ್ದಿತು. ಸಿಲಿಂಡರ್ ಮೈ ಸುಡ್ತಿದ್ದರೂ ವಾಲ್ವಿನ ಬಾಯಿ ತಣ್ಣಗಾಗ್ತಾ ಹೋಯ್ತು. ಹಿಗ್ಗೋ ಗಾಳಿ ಅಷ್ಟೂ ಬಿಸಿಯನ್ನ ತಾನೇ ಎಳ್ಕೊಳ್ಳತ್ತೆ. ನನ್ನ ಬೆರಳು ಮರಗಟ್ಟಿದವು. ಅವನು ಎದ್ದ. ನಾನು ಅವನ ನಿದ್ದೆ ಕೆಡಿಸೋಕೆ, ನಾಲ್ಕು ಜನರ ಮುಂದೆ ಅವನ ಮಾನ ಕಳೆಯೋಕೆ ಹೀಗೆ ಮಾಡಿದೆ ಅಂತಲೇ ಅವನಿಗೆ ಅನ್ನಿಸಿದ್ದು. "ಮುಚ್ಚೇ" ಅಂದ. ಮುಚ್ಚಲಿಲ್ಲ. ಮೊದಲ ಏಟು ಮೊಣಕೈಗೆ. ಎರಡನೇದು ಹೆಗಲಿಗೆ, ಮೂಳೆ ಮುರಿದ ಸದ್ದು ನಾನೂ ಕೇಳಿದೆ, ನೀನು ಹೇಳಿದ ಹಾಗೇ ಒಣ ಕಡ್ಡಿ. ಮೂರನೇದು ಬಾಯಿಗೆ. ನಾನು ವಾಲ್ವಿನ ಮೇಲೆ ಬಿದ್ದು ತಬ್ಬಿಕೊಂಡೆ. ನನ್ನ ರಕ್ತವನ್ನ ಆ ಗಾಳಿ ಅವನ ಮುಖಕ್ಕೇ ಎರಚಿತು.

ನಾಲ್ಕನೇ ಏಟು ಬೀಳಲಿಲ್ಲ. ಬಣ್ಣದಕ್ಕ ವಾಪಸ್ ಬಂದಿದ್ದಳು. ತುಂಬಿದ ಬಣ್ಣದ ಡಬ್ಬ ಎರಡೂ ಕೈಯಲ್ಲಿ ಎತ್ತಿ ಅವನ ಕಿವಿ ಮೇಲೆ ಬಿಟ್ಟಳು. ಅವನು ಆ ಬಣ್ಣದಲ್ಲೇ ಜಾರಿ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಬಿದ್ದ. ಮಂಡಿ ಚಿಪ್ಪು ಒಡೆಯಿತು. ಎದ್ದೇಳೋಕೆ ನೋಡಿದ. ಅವಳು ಇನ್ನೊಂದು ಡಬ್ಬ ಎತ್ತಿ, "ಇದು ಎರಡನೇ ಕೋಟು. ಹೊಡೀಲಾ?" ಅಂದಳು. ಅವನು ಅಲ್ಲೇ ಮಲಗಿದ.

ಗಾಳಿ ಪೂರ್ತಿ ಖಾಲಿಯಾಗೋವರೆಗೂ ನಾನು ಬಿಡಲಿಲ್ಲ.

ಮಾಲೀಕರು ಬಂದರು. ಅವನು ಬಿದ್ದಲ್ಲಿಂದಲೇ, ನನಗೆ ಹುಚ್ಚು ಹಿಡಿದಿದೆ, ಸಿಲಿಂಡರ್ ಪಾಸ್ ಆದದ್ದು ಅಂದ. ಹೆಗಲ ಮೇಲಿನ ಮುದ್ರೆ ತೋರಿಸಿದ. ನಾನು ಎಡಗೈಯಲ್ಲಿ ಸುತ್ತಿಗೆ ತಗೊಂಡು ಒಂದು ಏಟು ಹಾಕಿದೆ. ದಬ್ ಅಂದಿತು. ಆ ಅಂಗಳದಲ್ಲಿ ಕೆಲಸ ಮಾಡೋರಿಗೆ ಅದಕ್ಕಿಂತ ಸಾಕ್ಷಿ ಬೇಡ. "ಮುದ್ರೆ ನನ್ನದು. ಕೆಟ್ಟದ್ದು ಅಂತ ಗೊತ್ತಿದ್ದೇ ಹೊಡೆದೆ" ಅಂದೆ. ಕತ್ತು ಕೊಯ್ದು ನೋಡಿದರು. ಒಳಗೋಡೆಯನ್ನ ತುಕ್ಕು ತಿಂದು, ಒಂದು ಕಡೆ ಹಳೇ ತಟ್ಟೆಯಷ್ಟು ತೆಳ್ಳಗಾಗಿತ್ತು.

ಅವನ ಮೇಲೆ ಕೇಸು, ನನ್ನ ಮೇಲೂ ಕೇಸು. ನನ್ನ ಲೈಸೆನ್ಸ್ ಕಿತ್ಕೊಂಡರು. ನಾನು ಬಣ್ಣದಕ್ಕನ ಮನೆಯಲ್ಲಿದ್ದೀನಿ. ಅವಳಿಗೆ ಎಲ್ಲ ಹೇಳಿದೆ, ಅವಳು ಕೂರೋ ಜಾಗ ಗೊತ್ತಿದ್ದೂ ಸುಮ್ಮನಿದ್ದೆ ಅಂತಲೂ. ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ಮೂರನೇ ದಿನ ಗಂಜಿ ತಟ್ಟೆ ನನ್ನ ಮುಂದೆ ಕುಕ್ಕಿದಳು. ಅರ್ಧ ನೆಲಕ್ಕೆ ಚೆಲ್ಲಿತು. ಉಳಿದದ್ದನ್ನ ಕುಡಿದೆ.

ನೀನು ಬಾಯಿ ಬಿಟ್ಟಿದ್ದಕ್ಕೆ ಅವಳು ಬದುಕಿದ್ದಾಳೆ. ಆದರೆ ನನಗೆ ನಿನ್ನ ಮೇಲೆ ಕೋಪ ಇನ್ನೂ ಇಳಿದಿಲ್ಲ ಅಜ್ಜಿ. ಯಾವ ಫೋಟೋಗೆ ನಾನು ಇಪ್ಪತ್ತು ವರ್ಷ ಕೈ ಮುಗಿದೆ? ನಾನು ನನ್ನ ಮುದ್ರೆ ಒಪ್ಪಿಕೊಂಡೆ. ನೀನು ನನ್ನೊಬ್ಬಳಿಗೆ, ಅದೂ ಕಾಗದದಲ್ಲಿ. ಆ ಇದ್ದಲಿನವಳಿಗೆ ಮಕ್ಕಳಿರಲಿಲ್ಲವಾ?

ಜೀರುಂಡೆ

ಮೇ ೧

ಜೀರುಂಡೆಗೆ,

ಇದ್ದಳು, ಒಬ್ಬಳು ಮಗಳು. ಆವತ್ತು ಮೂರು ವರ್ಷದವಳು. ನಮ್ಮ ಬೀದಿಯ ಕೊನೆಯಲ್ಲಿ ಬಟ್ಟೆ ಹೊಲೀತಾಳೆ.

ಕೆಟ್ಟದಾಗಿ ಹೊಲೀತಾಳೆ. ಒಂದು ತೋಳು ಉದ್ದ, ಒಂದು ತೋಳು ಗಿಡ್ಡ. "ಆ ಅಜ್ಜಿ ಎಲ್ಲರಿಗೂ ಬಯ್ತಾಳೆ, ದರ್ಜಿಗೆ ಮಾತ್ರ ಯಾಕೆ ಬಯ್ಯಲ್ಲ?" ಅಂತ ಬೀದಿಯವರು ಆಡ್ಕೊಳ್ತಾರೆ. ಅವಳು ಸೂಜಿ ಹಿಡಿದ ದಿನದಿಂದ ನನ್ನ ಮೈಮೇಲೆ ಬೇರೆಯವರು ಹೊಲಿದ ರವಿಕೆ ಬಿದ್ದಿಲ್ಲ. ಅಳತೆ ತಗೊಳ್ಳುವಾಗ ಪ್ರತಿ ಸಲ ನನ್ನ ಈ ಸೊಟ್ಟ ತೋಳನ್ನ ಮೆಲ್ಲಗೆ ಎತ್ತಿ, "ಇದು ಏನಾಗಿತ್ತು ಅಮ್ಮ?" ಅಂತ ಕೇಳ್ತಾಳೆ. ಪ್ರತಿ ಸಲ ಜಾರಿ ಬಿದ್ದೆ ಅಂತೀನಿ.

ಫೋಟೋ ಇಳಿಸಿದೆ. ಗೋಡೆ ಮೇಲೆ ಚೌಕ ಬಿಳೀ ಗುರುತು ಉಳಿದಿದೆ. ನೀನು ಬಂದಾಗ ಸುಣ್ಣ ಬಳಿ. ಬಣ್ಣದಕ್ಕನನ್ನೂ ಕರ್ಕೊಂಡು ಬಾ, ಅವಳು ಚೆನ್ನಾಗಿ ಬಳೀತಾಳೆ ಅಂತ ಕೇಳಿದ್ದೀನಿ. ಮಂಚ ಮೂವರಿಗೆ ಸಾಲದು, ನಾನು ನೆಲದ ಮೇಲೆ ಮಲಗ್ತೀನಿ.

ನಾಳೆ ಬೆಳಿಗ್ಗೆ ಆ ದರ್ಜಿಯ ಅಂಗಡಿಗೆ ಹೋಗ್ತೀನಿ. ಅಳತೆ ಕೊಡೋಕಲ್ಲ. ಬಾಗಿಲು ಮುಚ್ಚಿಸಲ್ಲ, ಬೀದಿಗೆಲ್ಲ ಕೇಳಲಿ. ಆ ಹೊತ್ತಿಗೆ ಅವಳು ಬಟ್ಟೆ ಕತ್ತರಿಸ್ತಾ ಇರ್ತಾಳೆ, ಕೈಯಲ್ಲಿ ದೊಡ್ಡ ಕತ್ತರಿ ಇರತ್ತೆ.

ಇರಲಿ.

ಅಜ್ಜಿ